ಅಮಾವಾಸ್ಯೆಗೆ ಕೆರೆಯಾಚೆ ಕೊಳ್ಳಿದೆವ್ವ: ಪರೀಕ್ಷೆ ಮಾಡುವುದು ಹೇಗೆ?

ವಿಜ್ಞಾನಸಂಘ_ಮೇಷ್ಟ್ರು:
ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ. ಅಮಾವಾಸ್ಯೆ ಹತ್ತಿರ ಬಂದಾಗ ಕೆರೆಯಾಚೆ ಬೆಳಕು ಕಾಣುತ್ತದೆ. ಹಳದಿ ಬಣ್ಣ. ಒಂದಿದ್ದದ್ದು ಎರಡಾಗುತ್ತದೆ, ಮೇಲೆ ಕೆಳಗೆ ಆಡುತ್ತದೆ, ಹುಡುಕಿಕೊಂಡು ಹೋದರೆ ಮಾಯ. ಕೊಳ್ಳಿದೆವ್ವ ಅಂತ ಊರಿನವರ ನಂಬಿಕೆ. ಏರಿ ಪಕ್ಕದ ಹುಣಸೆತೋಪಿನಲ್ಲಿ ಮಲಗಿದರೆ ಎದೆ ಮೇಲೆ ಏನೋ ಬಂದು ಕೂರುತ್ತದೆ ಅಂತಲೂ ಹೇಳುತ್ತಾರೆ. ಕತ್ತಲಾದ ಮೇಲೆ ಏರಿ ದಾರಿಯಲ್ಲಿ ಯಾರೂ ಓಡಾಡುವುದಿಲ್ಲ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಊರೆಲ್ಲಾ ಸುತ್ತಿ ಮನೆ ಸೇರುತ್ತಾರೆ.

ಇದು ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಅವರು. ಪ್ರೌಢಶಾಲೆ ಮಕ್ಕಳಿಗೆ ‘ಬೆಳಕು ಜೌಗಿನ ಮೀಥೇನ್ ಅನಿಲದ್ದು, ಎದೆ ಭಾರ ಮರ ಬಿಡುವ ಇಂಗಾಲದ ಡೈಆಕ್ಸೈಡ್‌ನದು’ ಎಂದು ಹೇಳಿ ಮುಗಿಸಲು ಮನಸ್ಸಿಲ್ಲ. ಬೆಳಕಿನ ಮೂಲವನ್ನೇ ಹಿಡಿಯಬೇಕಾದರೆ ಏನು ಮಾಡಬೇಕು?

ಏರಿದಾರಿ:
ಹಾಗೆ ಹೇಳಿ ಮುಗಿಸದಿರುವುದೇ ಸರಿ ಮೇಷ್ಟ್ರೇ, ಎರಡೂ ಉತ್ತರ ದುರ್ಬಲ. ಮೀಥೇನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ, 500 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ಬೇಕು. ಗಾಳಿ ತಗುಲಿದರೆ ಸಾಕು ಹೊತ್ತಿಕೊಳ್ಳುವುದು ಡೈಫಾಸ್ಫೇನ್ ಎಂಬ ರಂಜಕದ ಸಂಯುಕ್ತ. ನಿಮ್ಮ ಕೆರೆಯ ಗೋಡಿನಲ್ಲಿ ಅದು ಹುಟ್ಟುತ್ತಿದೆ ಅನ್ನುವುದಕ್ಕೂ ಪುರಾವೆ ಬೇಕಲ್ಲ. ಕೆರೆ ಒಣಗಿ ನೆಲ ಬಿರುಕು ಬಿಟ್ಟ ಬೇಸಿಗೆಯಲ್ಲೂ ಬೆಳಕು ಕಾಣುತ್ತದೆಯೇ, ಮೊದಲು ಕೇಳಿ. ಕಾಣುತ್ತದೆ ಅಂದರೆ ಜೌಗು ಅನಿಲದ ವಾದ ಅಲ್ಲಿಗೇ ಮುಗಿಯಿತು.

ಒಂದು ಎರಡಾಗುವ ಹಳದಿ ಬೆಳಕು ಅಂದಾಗ ಮೊದಲ ಅನುಮಾನ ದೂರದ ರಸ್ತೆಯ ಹೆಡ್‌ಲೈಟ್ ಮೇಲೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಮಾರ್ಫಾ ಎಂಬ ಊರಿನ ಬಳಿ ಇಂಥದೇ ಬೆಳಕು ಪ್ರಸಿದ್ಧ. 2004ರಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳು ಕೂತು ನೋಡಿದಾಗ ನೈಋತ್ಯಕ್ಕೆ ಕಂಡ ಬೆಳಕುಗಳು ಹೆದ್ದಾರಿಯ ವಾಹನಗಳದ್ದು ಎಂದು ಸಿಕ್ಕಿತು. ಸಂಜೆ ನೆಲ ಬೇಗ ತಣಿದು ಮೇಲಿನ ಗಾಳಿ ಬಿಸಿಯಾಗಿ ಉಳಿದರೆ ಬೆಳಕಿನ ಕಿರಣ ಬಾಗುತ್ತದೆ. ದಿಬ್ಬದ ಹಿಂದಿನ ದೀಪವೂ ಎದ್ದು ಬಂದು ಅಲುಗುತ್ತದೆ.

ವಿಧಾನ ಹೀಗಿರಲಿ. ಏರಿ ಮೇಲೆ 200 ಮೀಟರ್ ಅಂತರದಲ್ಲಿ ಎರಡು ತಂಡ. ಬೆಳಕು ಕಂಡ ಕೂಡಲೇ ಇಬ್ಬರೂ ಫೋನ್‌ನಲ್ಲಿ ಮಾತಾಡಿಕೊಂಡು ಒಂದೇ ಹೊತ್ತಿಗೆ ದಿಕ್ಸೂಚಿಯ ಡಿಗ್ರಿ ಬರೆದುಕೊಳ್ಳಬೇಕು, ಆಮೇಲೆ ನಕ್ಷೆ ಮೇಲೆ ಎರಡು ಗೆರೆ ಎಳೆಯಬೇಕು. ಬೆಳಕು ನೇರ ಎದುರಿಗೆ 500 ಮೀಟರ್‌ನಲ್ಲಿದ್ದರೆ ಎರಡು ಅಳತೆಗಳಿಗೆ ಸುಮಾರು 22 ಡಿಗ್ರಿ ವ್ಯತ್ಯಾಸ ಬರುತ್ತದೆ. 5 ಕಿಲೋಮೀಟರ್ ದೂರವಿದ್ದರೆ ಎರಡು ಡಿಗ್ರಿಗಿಂತ ತುಸು ಹೆಚ್ಚು ಅಷ್ಟೇ. ಫೋನ್ ದಿಕ್ಸೂಚಿ ಐದು ಡಿಗ್ರಿ ತಪ್ಪಿದರೂ ಹತ್ತಿರವೋ ದೂರವೋ ಗೊತ್ತಾಗುತ್ತದೆ. ಆದರೆ ಬೈಕ್, ಕಬ್ಬಿಣದ ಗೇಟ್ ಪಕ್ಕ ನಿಂತು ಅಳೆದರೆ ಲೆಕ್ಕ ಕೆಡುತ್ತದೆ.

ರಸ್ತೆಯತ್ತ ಗೆರೆ ಹೋದರೆ ಮರುರಾತ್ರಿ ಒಬ್ಬರನ್ನು ಕಾರಿನಲ್ಲಿ ಅಲ್ಲಿಗೆ ಕಳಿಸಿ, ಹೇಳಿದ ನಿಮಿಷಕ್ಕೆ ಹೆಡ್‌ಲೈಟ್ ಮೂರು ಸಲ ಆರಿಸಿ ಹಚ್ಚಲು ಹೇಳಿ. ‘ದೆವ್ವ’ವೂ ಮೂರು ಸಲ ಮಿನುಗಿದರೆ ಊರಿನವರು ಕಣ್ಣಾರೆ ನೋಡುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಕಗ್ಗತ್ತಲಲ್ಲಿ ಒಂದೇ ಚುಕ್ಕಿ ದೀಪವನ್ನು ದಿಟ್ಟಿಸಿದರೆ ನಿಂತ ದೀಪವೂ ಓಡಾಡಿದಂತೆ ಕಾಣುತ್ತದೆ. ಕಣ್ಣಿನ ಸಣ್ಣ ಚಲನೆಗೆ ಹೋಲಿಸಿ ನೋಡಲು ಪಕ್ಕದಲ್ಲಿ ಬೇರೇನೂ ಇರುವುದಿಲ್ಲ. ಅದಕ್ಕೆ ಎರಡು ಕೋಲು ನೆಟ್ಟು ಅವುಗಳ ನೇರಕ್ಕೆ ಬೆಳಕನ್ನು ನೋಡಿ, ಆಗ ಚಲನೆ ನಿಜವೋ ಭ್ರಮೆಯೋ ಖಚಿತವಾಗುತ್ತದೆ.

ಸೇವಂತಿಗೆ_ತೋಟ:
ರಸ್ತೆ ಒಂದೇ ಅಲ್ಲ ಸಾರ್. ನಮ್ಮ ಕಡೆ ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಮೋಟಾರ್ ಹಾಕಲು ಟಾರ್ಚ್ ಹಿಡಿದು ಹೋಗುವವರಿದ್ದಾರೆ. ಫೀಡರ್‌ಗೆ, ಅಂದರೆ ಆ ಕಡೆಗೆ ಕರೆಂಟ್ ತರುವ ಲೈನ್‌ಗೆ, ಕರೆಂಟ್ ಕೊಡುವ ವೇಳೆ ಲೈನ್‌ಮನ್ ಹತ್ತಿರ ಕೇಳಿ, ಬೆಳಕು ಕಂಡ ವೇಳೆ ಜೊತೆಗೆ ತಾಳೆ ನೋಡಿ. ಏಡಿ ಹಿಡಿಯುವವರು, ಬೆಳಗಿನ ಜಾವ ಹೂ ಬಿಡಿಸುವವರು ತಲೆಗೆ ಲೈಟ್ ಕಟ್ಟಿಕೊಂಡಿರುತ್ತಾರೆ. ಬಗ್ಗಿ ಎದ್ದಾಗ ಬೆಳಕು ಮೇಲೆ ಕೆಳಗೆ ಆಡುವುದು ಸಹಜ. ಸೇವಂತಿಗೆ ಬೇಗ ಮೊಗ್ಗಾಗದಿರಲಿ ಅಂತ ತೋಟದಲ್ಲಿ ಬಲ್ಬ್ ಹಚ್ಚುವುದೂ ಉಂಟು.

ಹುಣಸೆಮರ ರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಬಯಲಲ್ಲಿ ಉಸಿರು ಕಟ್ಟುವುದಿಲ್ಲ, ಅದು ಗಾಳಿಯಲ್ಲಿ ಬೆರೆತುಹೋಗುತ್ತದೆ. ಉಸಿರಿಗೆ ಕಷ್ಟವಾಗಲು ಗಾಳಿಯಲ್ಲಿ ಅದು ನೂರಕ್ಕೆ ಕೆಲವು ಭಾಗವಾದರೂ ಇರಬೇಕು; ಇರುವುದು ನೂರಕ್ಕೆ 0.04ರಷ್ಟು. ಎದೆ ಮೇಲೆ ಕೂತಂತಾಗುವುದು ನಿದ್ರಾ ಪಾರ್ಶ್ವವಾಯುವಿನ ಲಕ್ಷಣ. ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲವಾಗಿರುತ್ತವೆ, ಅದು ಬಿಡುವ ಮುಂಚೆಯೇ ಎಚ್ಚರವಾದರೆ ಕೈಕಾಲು ಆಡುವುದಿಲ್ಲ. ಅಂಗಾತ ಮಲಗಿದವರಿಗೆ, ನಿದ್ದೆಗೆಟ್ಟು ಕಾವಲು ಕಾಯುವವರಿಗೆ ಜಾಸ್ತಿ. ಮನೆಯಲ್ಲೂ ಆಗಿದೆಯೇ ಅಂತ ಅದೇ ಜನರನ್ನು ಕೇಳಿ.

ವಿಜ್ಞಾನಸಂಘ_ಮೇಷ್ಟ್ರು:
ಫೀಡರ್ ವೇಳೆಯ ವಿಚಾರ ಹೊಳೆದೇ ಇರಲಿಲ್ಲ, ಧನ್ಯವಾದ. ಆನ್‌ಲೈನ್‌ನಲ್ಲಿ ಮಾರುವ ‘ದೆವ್ವ ಪತ್ತೆ’ ಮೀಟರ್, ಗನ್ ಥರ್ಮಾಮೀಟರ್ ಕೊಳ್ಳಬೇಕೇ?

ಮಾರಿಕುಪ್ಪಂ_ಲೈನ್:
ದುಡ್ಡು ದಂಡ. ಆ ಮೀಟರ್ ವೈರಿಂಗ್‌ಗೂ ಮೊಬೈಲ್‌ಗೂ ಮಿನುಗುತ್ತದೆ. ಗನ್ ಥರ್ಮಾಮೀಟರ್ ಅಳೆಯುವುದು ಎದುರಿನ ಗೋಡೆ, ಮರದ ಮೈಶಾಖವನ್ನು, ನಡುವಿನ ಗಾಳಿಯನ್ನಲ್ಲ. ಫ್ಲಾಷ್ ಹಾಕಿ ತೆಗೆದ ಫೋಟೋದ ಬಿಳಿ ಉಂಡೆಗಳು ಲೆನ್ಸ್ ಹತ್ತಿರದ ಧೂಳು, ಹುಳ, ಮಂಜು.

ಒಂದು ನೋಟ್‌ಪುಸ್ತಕ ಇಡಿ, ಏನೂ ಕಾಣದ ರಾತ್ರಿಗಳನ್ನೂ ಬರೆಯಿರಿ. ಹುಣ್ಣಿಮೆ ಬೆಳಕಿನಲ್ಲಿ ಮಂದ ದೀಪ ಕಣ್ಣಿಗೆ ಬೀಳುವುದು ಕಷ್ಟ. ಅಮಾವಾಸ್ಯೆಯ ನಂಟು ಅಷ್ಟೇ ಇರಬಹುದು. ಒಂದು ತಿಂಗಳ ಲೆಕ್ಕವಿದ್ದರೆ ಗೊತ್ತಾಗುತ್ತದೆ. ಕಂಡವರನ್ನು ಒಬ್ಬೊಬ್ಬರನ್ನೇ ಕೇಳಿ. ಗುಂಪಿನಲ್ಲಿ ಕೇಳಿದರೆ ಎರಡನೆಯವರ ಮಾತಿಗೆ ಮೊದಲನೆಯವರ ಬಣ್ಣ ಹತ್ತುತ್ತದೆ. ‘ದೆವ್ವ ನೋಡಿದ್ರಾ’ ಅನ್ನಬೇಡಿ, ‘ಎಲ್ಲಿ ನಿಂತಿದ್ರಿ, ಏನು ಕಂಡಿತು’ ಅನ್ನಿ. ಅವರು ಬೆಳಕು ಕಂಡಿದ್ದು ಸುಳ್ಳಲ್ಲ.

ಕೆಜಿಎಫ್‌ನ ಪಾಳು ಗಣಿಗಳಲ್ಲೂ ದೆವ್ವವಿದೆ ಎಂದು ವಿಡಿಯೋ ಮಾಡಲು ಹುಡುಗರು ಬರುತ್ತಾರೆ. ಮಕ್ಕಳು ಅದನ್ನು ನೋಡಿ ಹಟ ಹಿಡಿದರೆ ದಯವಿಟ್ಟು ಒಪ್ಪಬೇಡಿ. 2001ರ ಫೆಬ್ರವರಿಯಲ್ಲಿ ಮುಚ್ಚಿದ ಗಣಿಗಳು, ಅವುಗಳಲ್ಲಿ ಚಾಂಪಿಯನ್ ರೀಫ್ ಎಂಬುದು ಮೂರು ಕಿಲೋಮೀಟರ್‌ಗಿಂತ ಆಳ. ಗಣಿಗೆ ಇಳಿಯುವ ಹಳೆಯ ಶಾಫ್ಟ್‌ಗಳ ಬಾಯಿಯ ಸುತ್ತ ನೆಲವನ್ನು ನಂಬುವಂತಿಲ್ಲ.

ಆ ಬೆಳಕು ನೋಡಿ ಹೆದರಿದ ಯಾರಿಗಾದರೂ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುತ್ತಿದ್ದರೆ ನಕ್ಷೆ, ದಿಕ್ಸೂಚಿ ಪಕ್ಕಕ್ಕಿಟ್ಟು ಮೊದಲು ಪೊಲೀಸರಿಗೆ ತಿಳಿಸಿ. 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅದು ಅಪರಾಧ. ಇನ್ನು ನಿಮ್ಮ ಕೆರೆಗೆ: ಏರಿ ಸುತ್ತ ತೆರೆದ ಬಾವಿ, ಗುಂಡಿ ಎಲ್ಲಿವೆ ಎಂದು ಹಗಲಲ್ಲೇ ನಡೆದು ನಕ್ಷೆಯಲ್ಲಿ ಗುರುತು ಹಾಕಿ, ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಎಲ್ಲರ ಕಾಲಿಗೂ ಬೂಟು ಇರಲಿ. ಕೆರೆಯಂಗಳದಲ್ಲಿ ಹಾವಿನ ಓಡಾಟ ಇದ್ದೇ ಇರುತ್ತದೆ.