ಊರು, ಕೇರಿ ಮತ್ತು ನಾವು ಮನೆ ಕೊಳ್ಳುವ ಬೀದಿ

ಬಳಗದ ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಇಲ್ಲಿ ಸಹೋದರಿಯೊಬ್ಬರು ಎತ್ತಿದ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಅಮೆರಿಕದಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಜಾತಿ ಎಂಬುದೊಂದಿದೆ ಎಂಬುದೇ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ನಾವಾಗಿಯೇ ಏಕೆ ತಲೆಗೆ ತುಂಬಬೇಕು, ನಮ್ಮ ತಲೆಮಾರಿಗೇ ಅದು ಮುಗಿದುಹೋಗಲಿ ಎಂದು ಅವರು ಬರೆದಿದ್ದರು. ಉತ್ತರಿಸಿದವರಲ್ಲಿ ಹೆಚ್ಚಿನವರು ಹೌದೆಂದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಒಂದು ವರ್ಷದ ಹಿಂದೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಹೇಳಲಾರೆ.

ನನ್ನೂರು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬದುಕಿಗೆ ಹಿಪ್ಪುನೇರಳೆ ಮತ್ತು ಟೊಮೆಟೊ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ರೇಷ್ಮೆ ಹುಳು ಮನೆಗೆ ಸೊಪ್ಪು ಹೊತ್ತು ತರುವ ಹಿರಿಯರೊಬ್ಬರಿದ್ದಾರೆ. ಅವರು ಅಪ್ಪನಿಗಿಂತ ದೊಡ್ಡವರು. ಆದರೂ ಏಳು ವರ್ಷದ ಹುಡುಗಿಯಾಗಿದ್ದಾಗಲೇ ನಾನು ಅವರನ್ನು ಹೆಸರು ಹಿಡಿದು ‘ಬಾರೋ, ಹೋಗೋ’ ಎಂದು ಕರೆಯುತ್ತಿದ್ದೆ, ಏಕೆಂದರೆ ಮನೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ನಾವು ಊರಿನವರು, ಅವರು ಊರಾಚೆಯ ದಲಿತರ ಕಾಲೋನಿಯವರು. ನನಗೆ ಯಾರೂ ಜಾತಿಯ ಪಾಠ ಹೇಳಿಕೊಡಲಿಲ್ಲ; ಹೇಳಿಕೊಡುವ ಅಗತ್ಯವೇ ಇರಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಒಂಬತ್ತು ವರ್ಷದ ಮಗಳೊಂದಿಗೆ ಊರಿಗೆ ಹೋಗಿದ್ದೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ದಿನಗಳು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಿಗ್ಗೆ ಹೊರೆ ಇಳಿಸಿದ ಆ ಹಿರಿಯರು ಹಿತ್ತಲ ಗೋಡೆಯ ಗೂಡಿನಿಂದ ಅಂಚು ನೆಗ್ಗಿದ ಒಂದು ಸ್ಟೀಲ್ ಲೋಟ ತೆಗೆದು ಹಿಡಿದರು, ಅಮ್ಮ ಮೇಲಿನಿಂದ ಟೀ ಹೊಯ್ದರು. ಕುಡಿದು ಮುಗಿದಾಗ ನನ್ನ ಮಗಳು ಬಹಳ ಮರ್ಯಾದೆಯಿಂದ “ತಾತ, ಲೋಟ ಕೊಡಿ, ನಾನು ಒಳಗೆ ಇಡ್ತೀನಿ” ಎಂದು ಕೈ ಚಾಚಿದಳು. ಅವರು ಲೋಟವನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು “ಬೇಡ ತಾಯಿ, ನಾನೇ ತೊಳೆದಿಡ್ತೀನಿ” ಎಂದರು. ನಲ್ಲಿಯಲ್ಲಿ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೊರಟರು. ಅವರು ಹೋದ ಮೇಲೆ ಅಮ್ಮ ನನಗೆ ಮೆಲ್ಲಗೆ ಹೇಳಿದ್ದು: “ಅವನನ್ನ ತಾತ ಅನ್ನಬಾರದು ಅಂತ ಮಗುಗೆ ಹೇಳು.”

ನನ್ನ ಅಮ್ಮ ಕೆಟ್ಟವರಲ್ಲ. ಆ ಹಿರಿಯರ ಮಗಳ ಮದುವೆಗೆ ಅಕ್ಕಿಯನ್ನೂ ಸೀರೆಯನ್ನೂ ಕೊಟ್ಟವರು. ಒಳ್ಳೆಯವರ ಕೈಯಲ್ಲೇ ಈ ಲೋಟ ಇಷ್ಟು ವರ್ಷ ಉಳಿದುಬಂದಿದೆ ಎಂಬುದೇ ನನ್ನನ್ನು ಕಂಗೆಡಿಸಿದ ವಿಷಯ. ಅಂದು ರಾತ್ರಿ ಮಗಳು “ತಾತ ಯಾಕೆ ನನಗೆ ಲೋಟ ಕೊಡಲಿಲ್ಲ?” ಎಂದು ಕೇಳಿದಳು, ಅವರಿಗೆ ನೆಗಡಿಯಿರಬಹುದು ಎಂದು ನಾನು ಸುಳ್ಳು ಹೇಳಿದೆ. ಮಕ್ಕಳಿಗೆ ಗೊತ್ತಾಗದಿರಲಿ ಎಂಬ ನಮ್ಮ ನಿಲುವು ಕೊನೆಗೆ ತಲುಪುವುದು ಇಂಥ ಸುಳ್ಳಿಗೆ.

ಎರಡು ದಿನಗಳ ನಂತರ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದೆವು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ಸ್ಥಳವದು. ನಮ್ಮ ಕಡೆಯವರು ಅದನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅಪ್ಪ ಮೊಮ್ಮಗಳಿಗೆ ಎಲ್ಲವನ್ನೂ ವಿವರಿಸಿದರು: ಹಳ್ಳಿಹಳ್ಳಿಯಿಂದ ಬಂದಿದ್ದ ಸಾಮಾನ್ಯ ಜನ, ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ ಮಿರ್ಜಾ ಇಸ್ಮಾಯಿಲರೊಂದಿಗೆ ಮಾಡಿಕೊಂಡ ಒಪ್ಪಂದ, ಬಾವುಟ ಹಾರಿಸಲು ಸಿಕ್ಕ ಹಕ್ಕು. ಮಗಳು ಕಣ್ಣರಳಿಸಿ ಕೇಳಿದಳು. ಆದರೆ ನಮ್ಮದೇ ತಾಲ್ಲೂಕಿನ ಕಂಬಾಲಪಲ್ಲಿಯ ಬಗ್ಗೆ ಅಪ್ಪನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. 2000ನೇ ಇಸವಿಯ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಜೀವಂತ ಸುಟ್ಟರು. ನಾನು ಆಗ ಚಿಂತಾಮಣಿಯಲ್ಲಿ ಪಿಯುಸಿ ಓದುತ್ತಿದ್ದೆ; ಕಾಲೇಜಿನಲ್ಲಿ ಕೆಲವು ದಿನ ಎಲ್ಲರೂ ದನಿ ತಗ್ಗಿಸಿ ಮಾತನಾಡಿದರು, ಆಮೇಲೆ ಪರೀಕ್ಷೆ ಬಂತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆಗೊಳಿಸಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದವು, ಕಾನೂನಿನ ಪ್ರಕಾರ ಕೊಂದವರು ಯಾರೂ ಇರಲಿಲ್ಲ.

ವಿದುರಾಶ್ವತ್ಥ ಎಷ್ಟು ನಮ್ಮದೋ ಕಂಬಾಲಪಲ್ಲಿಯೂ ಅಷ್ಟೇ ನಮ್ಮದು. ಮೊದಲನೆಯದನ್ನು ಮಾತ್ರ ಹೇಳಿ ಬೆಳೆಸಿದ ಮಗುವಿಗೆ ದೇಶದ ಮೇಲೆ ಅಭಿಮಾನ ಬರಬಹುದು, ಆದರೆ ಆ ಬಾವುಟ ಯಾವ ಮಾತು ಕೊಟ್ಟಿತ್ತು, ಯಾರ ಮಟ್ಟಿಗೆ ಆ ಮಾತು ಇನ್ನೂ ನಡೆದಿಲ್ಲ ಎಂಬುದು ತಿಳಿಯುವುದಿಲ್ಲ. ಯಾವ ವಯಸ್ಸಿಗೆ ಹೇಳಬೇಕು ಎಂದೂ ಇಲ್ಲಿ ಕೆಲವರು ಕೇಳಿದ್ದೀರಿ. ಆ ಹಿರಿಯರ ಮೊಮ್ಮಗಳಿಗೂ ಈಗ ಒಂಬತ್ತೇ ವರ್ಷ. ಯಾವ ಮನೆಯ ಯಾವ ಬಾಗಿಲಿನವರೆಗೆ ಹೋಗಬಹುದು ಎಂಬುದು ಆ ಮಗುವಿಗೆ ಐದು ವರ್ಷಕ್ಕೇ ತಿಳಿದಿತ್ತು, ಅದಕ್ಕೆ ವಯಸ್ಸಾಯಿತೇ ಎಂದು ಯಾರೂ ಕೇಳಿರಲಿಲ್ಲ. 2022ರಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಮೆರವಣಿಗೆಯ ದೇವರ ಕೋಲನ್ನು ಮುಟ್ಟಿದನೆಂದು ಒಬ್ಬ ದಲಿತ ಬಾಲಕನ ಕುಟುಂಬಕ್ಕೆ ಊರಿನವರು 60,000 ರೂಪಾಯಿ ದಂಡ ಹಾಕಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಹೇಳುವುದೋ ಬೇಡವೋ ಎಂದು ಯೋಚಿಸುವಷ್ಟು ಅವಕಾಶ ನಮ್ಮಂಥ ತಂದೆತಾಯಿಯರಿಗೆ ಮಾತ್ರ ಇದೆ.

ಇನ್ನು ನಾವು ಬದುಕು ಕಟ್ಟಿಕೊಂಡಿರುವ ಅಮೆರಿಕದ ಮಾತು. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಮಕ್ಕಳು ಬೆಳಿಗ್ಗೆ ಎದೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಸ್ವಾತಂತ್ರ್ಯ, ಎಲ್ಲರಿಗೂ ನ್ಯಾಯ ಎಂಬ ಪ್ರತಿಜ್ಞೆ ಹೇಳುತ್ತಾರೆ. ಅದೇ ಹೊತ್ತಿಗೆ ನಾವು ಮನೆ ಹುಡುಕುವಾಗ ಮೊದಲು ಕೇಳುವುದು ಆ ಬೀದಿಯ ಮಕ್ಕಳು ಹೋಗುವ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಎಂದು. ನಾನೂ ಹಾಗೆಯೇ ಮನೆ ಕೊಂಡವಳು. ಆ ಅಂಕದ ಹಿಂದೆ ಏನಿದೆ ಎಂದು ಆಗ ಯೋಚಿಸಲಿಲ್ಲ. 1930ರ ದಶಕದಲ್ಲಿ ಇಲ್ಲಿನ ಕೇಂದ್ರ ಸರ್ಕಾರದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಗೃಹಸಾಲ ಸಂಸ್ಥೆ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ, ಸಾಲ ಕೊಡುವುದು ಅಪಾಯವೆಂದು ಕಂಡ ಬಡಾವಣೆಗಳಿಗೆ ಕೆಂಪು ಬಣ್ಣ ಹಚ್ಚಿತು. ಕಪ್ಪು ಜನರು ಇದ್ದ ಬಡಾವಣೆಗಳಿಗೆ ಬಹುಪಾಲು ಬಿದ್ದದ್ದು ಕೆಂಪೇ. ಸಾಲ ಸಿಗದ ಕಡೆ ಮನೆಯ ಬೆಲೆ ಏರಲಿಲ್ಲ. ಮನೆಯ ಮೇಲಿನ ತೆರಿಗೆಯಿಂದಲೇ ಶಾಲೆಗಳು ಬಹುಮಟ್ಟಿಗೆ ನಡೆಯುವುದರಿಂದ ಆ ಮಕ್ಕಳ ಶಾಲೆಗೂ ಹಣವಿಲ್ಲದಾಯಿತು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1990ರಲ್ಲಿ ಬಡ ನಗರಗಳ ಶಾಲೆಗಳಿಗೂ ಶ್ರೀಮಂತ ಊರುಗಳ ಶಾಲೆಗಳಷ್ಟೇ ಹಣ ಸಿಗಬೇಕೆಂದು ಆದೇಶಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಆ ಕೆಂಪು ನಕ್ಷೆಗಳನ್ನು ಮೊದಲ ಸಲ ನೋಡಿದಾಗ ನನಗೆ ವಿವರಣೆಯೇ ಬೇಕಾಗಲಿಲ್ಲ. ಊರು ಎಲ್ಲಿ ಮುಗಿಯುತ್ತದೆ, ಕೇರಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಕ್ಷೆಯಿಲ್ಲದೆಯೇ ತಿಳಿದು ಬೆಳೆದವಳು ನಾನು.

ಇವೆರಡೂ ಒಂದೇ ಎಂದು ನಾನು ಹೇಳುತ್ತಿಲ್ಲ; ಗುಲಾಮಗಿರಿಯ ಚರಿತ್ರೆ ಬೇರೆ, ಜಾತಿಯ ಚರಿತ್ರೆ ಬೇರೆ. ಆದರೆ ಎರಡು ದೇಶಗಳೂ ಎಲ್ಲರೂ ಸಮಾನರು ಎಂದು ಬರೆದುಕೊಂಡೇ ಹುಟ್ಟಿದವು, ಬರೆದದ್ದಕ್ಕೂ ಬದುಕಿಗೂ ನಡುವಿನ ಅಂತರವನ್ನು ಎರಡೂ ಕಡೆ ಅನುಭವಿಸಿದವರೇ ಹೋರಾಡಿ ಕಡಿಮೆ ಮಾಡಿದರು. ಆ ಹೋರಾಟದ ಫಲವನ್ನು ಉಣ್ಣುತ್ತಿರುವವರು ನಾವು. 1946ರ ಕಾನೂನಿನಂತೆ ವರ್ಷಕ್ಕೆ ನೂರು ಭಾರತೀಯರು ಮಾತ್ರ ಇಲ್ಲಿಗೆ ವಲಸೆ ಬರಬಹುದಾಗಿತ್ತು. ರಾಷ್ಟ್ರಮೂಲದ ಮೇಲಿನ ಆ ಮಿತಿಯನ್ನು 1965ರ ವಲಸೆ ಕಾನೂನು ತೆಗೆದುಹಾಕಿತು. ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯಿಂದ 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂದು, ಜನಾಂಗದ ಆಧಾರದ ಮೇಲೆ ಬಾಗಿಲು ಮುಚ್ಚುವುದನ್ನು ಸಮರ್ಥಿಸಿಕೊಳ್ಳುವುದೇ ಕಷ್ಟವಾಗಿರದಿದ್ದರೆ ನಮ್ಮಲ್ಲಿ ಎಷ್ಟು ಜನ ಇಂದು ಇಲ್ಲಿರುತ್ತಿದ್ದೆವು? ನಾವು ಕಷ್ಟಪಟ್ಟು ಓದಿ ಬಂದೆವು ಎಂದು ಮಕ್ಕಳಿಗೆ ಹೇಳುವಾಗ ಈ ಮಾತನ್ನೂ ಸೇರಿಸಬೇಕು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಬರುವ ಜನವರಿ 26ರಿಂದ ನಾವು ವಿರೋಧಾಭಾಸದ ಬದುಕಿಗೆ ಕಾಲಿಡುತ್ತಿದ್ದೇವೆ, ರಾಜಕೀಯದಲ್ಲಿ ಸಮಾನತೆಯಿರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆಯಿರುತ್ತದೆ ಎಂದು ಎಚ್ಚರಿಸಿದ್ದರು. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃಭಾವನೆ ಎಂಬ ಪದವಿದೆ. ಮೊದಲೆರಡನ್ನು ಕಾನೂನು ಒಂದು ಹಂತದವರೆಗೆ ಕೊಡಿಸಬಲ್ಲದು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಆದರೆ ಮುದುಕರೊಬ್ಬರನ್ನು ತಾತ ಎಂದು ಕರೆಯುವುದನ್ನು ಯಾವ ವಿಧಿಯೂ ಕಲಿಸಲಾರದು. ನನ್ನ ಮಗಳು ಯಾರೂ ಹೇಳದೆಯೇ ಹಾಗೆ ಕರೆದಳು, ಅದನ್ನು ತಿದ್ದಲು ಹೊರಟವರು ನಾವು ದೊಡ್ಡವರು.

ಭಾರತಕ್ಕೆ ಕೆಟ್ಟ ಹೆಸರು ಬರುತ್ತದೆ, ಶಾಲೆಯಲ್ಲಿ ನಮ್ಮ ಮಕ್ಕಳು ತಲೆ ತಗ್ಗಿಸಬೇಕಾಗುತ್ತದೆ ಎಂಬ ಆತಂಕವನ್ನೂ ಕೆಲವರು ಹೇಳಿದ್ದೀರಿ. ಸಿಯಾಟಲ್ ನಗರಸಭೆ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದಾಗಲೂ ಅನೇಕ ಭಾರತೀಯ ಕುಟುಂಬಗಳಲ್ಲಿ ಇದೇ ಆತಂಕವಿತ್ತು. ಕಪ್ಪು ಜನರ ಚರಿತ್ರೆಯನ್ನು ಫೆಬ್ರವರಿಯಲ್ಲಿ ತಿಂಗಳಿಡೀ ಓದುವ ನಮ್ಮ ಮಕ್ಕಳು ಅದಕ್ಕಾಗಿ ಈ ದೇಶವನ್ನು ಕಡಿಮೆ ಪ್ರೀತಿಸುವುದನ್ನು ನಾನಂತೂ ಕಂಡಿಲ್ಲ.

ಇಲ್ಲಿಗೆ ವಾಪಸು ಬಂದ ಮೇಲೆ ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ಆ ಲೋಟದ ವಿಷಯವನ್ನು ನಿಜವಾಗಿ ಹೇಳಿದೆ, ನೆಗಡಿ ಎಂದದ್ದು ಸುಳ್ಳು ಎಂದೂ ಹೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ನೀನೂ ಅವರನ್ನ ಹೆಸರಿಟ್ಟು ಕರೀತಿದ್ದೆಯಾ?” ಎಂದು ಕೇಳಿದಳು. ಹೌದೆಂದೆ.

ಅಮ್ಮನೊಂದಿಗೆ ಫೋನಿನಲ್ಲಿ ಮೂರ್ನಾಲ್ಕು ಸಲ ಈ ಮಾತು ಆಯಿತು. ಗೂಡಿನಲ್ಲಿದ್ದ ಲೋಟವನ್ನು ತೆಗೆದು ಒಳಗಿನ ಲೋಟದಲ್ಲೇ ಟೀ ಕೊಡುತ್ತಿದ್ದೇನೆ, ಆದರೆ ಜಗಲಿಯ ಮೇಲೆ ಕೂರು ಎಂದರೆ ಅವನೇ ಒಪ್ಪುವುದಿಲ್ಲ ಎಂದು ಮೊನ್ನೆ ಹೇಳಿದರು. ಡಿಸೆಂಬರ್ ರಜೆಗೆ ಹೋದಾಗ ಕಾಲೋನಿಗೆ ನಾವೇ ಹೋಗಿ ಅವರ ಮನೆಯಲ್ಲಿ ಟೀ ಕುಡಿದು ಬರೋಣ ಎಂದು ಮಗಳೂ ನಾನೂ ಮಾತಾಡಿಕೊಂಡಿದ್ದೇವೆ. ಅವರು ಒಪ್ಪುತ್ತಾರೋ ಎಂದು ಮೊದಲು ಅವರನ್ನೇ ಕೇಳಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ.