ಇಬ್ಬರಿದ್ದಾಗ ದಿನಕ್ಕೆ 3 ಕೈತೋಟ, ನಾಲ್ವರಾದ ಮೇಲೂ 4ಕ್ಕೇ ನಿಂತಿದೆ. ಏನು ಮಾಡಲಿ?

ಪ್ರಶ್ನೆ: ಹಸಿರುಬೇಲಿ

ಮನೆಗಳ ಕೈತೋಟ ನೋಡಿಕೊಳ್ಳುವ ಸಣ್ಣ ವ್ಯವಹಾರ ನನ್ನದು. ಹುಲ್ಲುಹಾಸು ಕತ್ತರಿಸುವುದು, ಬೇಲಿ ಗಿಡ ಸವರುವುದು, ಕಳೆ ಕೀಳುವುದು, ಕಸ ಸಾಗಿಸುವುದು. ಮೊದಲು ನಾನು ಮತ್ತು ಒಬ್ಬ ಹುಡುಗ ಇಬ್ಬರೇ ಇದ್ದೆವು. ಒಂದು ಕೈತೋಟಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿತ್ತು, ದಿನಕ್ಕೆ 3 ಮುಗಿಸುತ್ತಿದ್ದೆವು. ಕೇಳಿಕೊಂಡು ಬರುವವರು ಹೆಚ್ಚಾದರೆಂದು ಇನ್ನಿಬ್ಬರನ್ನು ಸೇರಿಸಿಕೊಂಡೆ. ಈಗ ನಾಲ್ವರೂ ಒಂದೇ ಗಾಡಿಯಲ್ಲಿ ಹೋಗುತ್ತೇವೆ. ಒಂದು ಕೈತೋಟ 1 ಗಂಟೆ 40 ನಿಮಿಷದಲ್ಲಿ ಮುಗಿಯುತ್ತದೆ, ಆದರೂ ದಿನಕ್ಕೆ 4 ದಾಟುತ್ತಿಲ್ಲ. ಕೂಲಿ ಮಾತ್ರ ಮೂರು ಪಟ್ಟಾಗಿದೆ.

ಹುಡುಗರು ಮೈಗಳ್ಳರಲ್ಲ. ಬೆವರು ಸುರಿಸಿ ದುಡಿಯುತ್ತಾರೆ, ಹಾಗಾಗಿ ಬೈಯಲು ಬಾಯಿ ಬರುವುದಿಲ್ಲ. ನಂಬಿ ಬಂದ ಇಬ್ಬರನ್ನು ಬಿಡಿಸುವ ಯೋಚನೆ ಬಂದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಹಳೇಗುದ್ದಲಿ

ಬಿಡಿಸುವ ಮಾತು ಆಮೇಲೆ ಸರ್. ಮೊದಲು ಗಡಿಯಾರದ ಲೆಕ್ಕ ಬಿಟ್ಟು ಆಳಿನ ಗಂಟೆ ಲೆಕ್ಕ ಹಾಕಿ. ಇಬ್ಬರು ಎರಡೂವರೆ ಗಂಟೆ ಅಂದರೆ 5 ಆಳಿನ ಗಂಟೆ. ನಾಲ್ವರು 1 ಗಂಟೆ 40 ನಿಮಿಷ ಅಂದರೆ 6 ಗಂಟೆ 40 ನಿಮಿಷ. ಅದೇ ಕೈತೋಟ 1 ಗಂಟೆ 40 ನಿಮಿಷದಷ್ಟು ಹೆಚ್ಚು ದುಡಿಮೆ ನುಂಗುತ್ತಿದೆ.

ದಾರಿಯನ್ನೂ ಸೇರಿಸಿ. ಒಂದು ಮನೆಯಿಂದ ಇನ್ನೊಂದಕ್ಕೆ 25 ನಿಮಿಷ ಎಂದುಕೊಂಡರೆ, ಇಬ್ಬರಿದ್ದಾಗ 50 ನಿಮಿಷದ ಕೂಲಿ ಗಾಡಿಯಲ್ಲಿ ಕೂತದ್ದಕ್ಕೆ ಹೋಗುತ್ತದೆ, ನಾಲ್ವರಿದ್ದರೆ 100 ನಿಮಿಷದ್ದು. ಇಬ್ಬಿಬ್ಬರ ಎರಡು ಜೋಡಿ ಮಾಡಿದರೆ ನಿಮ್ಮ ಹಳೇ ಲೆಕ್ಕದಲ್ಲೇ ದಿನಕ್ಕೆ 6 ಕೈತೋಟ ಬರಬೇಕು. ಅದಕ್ಕೆ ಇನ್ನೊಂದು ಗಾಡಿ, ಇನ್ನೊಂದು ಸೆಟ್ ಸಾಮಾನು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಎರಡನೇ ಜೋಡಿಗೆ ಜವಾಬ್ದಾರಿ ಹೊರುವ ಒಬ್ಬ ಬೇಕು. ಅವನು ಸಿಗದೆ ಜೋಡಿ ಒಡೆದರೆ ಮನೆಯವರ ದೂರು ಶುರುವಾಗುತ್ತದೆ.

ಉತ್ತರ: ಮಣ್ಣಿನಮಗ

ಹುಡುಗರ ಮೇಲೆ ಅನುಮಾನ ಬೇಡ ಅನ್ನುವುದಕ್ಕೆ ಒಂದು ಹಳೆಯ ವಿಷಯ ಹೇಳುತ್ತೇನೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು, 1913ರಲ್ಲಿ ಪ್ರಕಟಿಸಿದರು. ಹಲವರು ಸೇರಿ ಎಳೆದಾಗ ತಲಾ ಬಂದ ಬಲ ಒಬ್ಬನೇ ಎಳೆದಾಗಿನದಕ್ಕಿಂತ ಕಡಿಮೆ. ಎಲ್ಲರೂ ಒಂದೇ ಗಳಿಗೆಗೆ ಜಗ್ಗಲು ಆಗದಿರುವುದೇ ಇದಕ್ಕೆ ಮುಖ್ಯ ಕಾರಣ ಎಂದು ಅವರು ಕಂಡರು. ನಿಮ್ಮಲ್ಲೂ ಹೊಂದಾಣಿಕೆಯೇ ಸೋರುತ್ತಿರಬಹುದು. ಒಂದು ದಿನ ಕೈಗೆ ಕತ್ತರಿ ತೆಗೆದುಕೊಳ್ಳದೆ ನಿಂತು ನೋಡಿ.

ಉತ್ತರ: ಬೇರುಗಡ್ಡೆ

ಎಲ್ಲಾ ದಿನಕ್ಕೂ ಜೋಡಿ ಸಾಲದು. ಮಣ್ಣು ತುಂಬುವ ದಿನ, ದೊಡ್ಡ ಗಿಡ ಬೇರುಮಣ್ಣಿನ ಸಮೇತ ಎತ್ತಿ ನೆಡುವ ದಿನ ನಾಲ್ವರೂ ಬೇಕು. ಮರ ಹತ್ತಿ ಕೊಂಬೆ ಕಡಿಯುವಾಗ ಕೆಳಗೆ ಒಬ್ಬ ನಿಲ್ಲಲೇಬೇಕು. ಅಲ್ಲಿ ಆಳಿನ ಗಂಟೆ ಲೆಕ್ಕ ಹಾಕಬೇಡಿ.

ಹಸಿರುಬೇಲಿ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ನೋಟ್‌ಬುಕ್ ಹಿಡಿದು ಇಡೀ ದಿನ ನಿಂತೆ. ನಾನೂ ಅವರ ಜೊತೆ ಬಗ್ಗಿ ದುಡಿಯುತ್ತಿದ್ದಾಗ ಇದೊಂದೂ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮಲ್ಲಿರುವುದು ಒಂದೇ ತಳ್ಳುಗಾಡಿ. ಅದು ಕಸದ ಗುಂಡಿಗೆ ಹೋಗಿ ಬರುವ ತನಕ ಇನ್ನೊಬ್ಬ ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದ. ಕೆಳಗಿಡಲೂ ಇಲ್ಲ, ಕೂರಲೂ ಇಲ್ಲ, ಹಾಗೇ ನಿಂತಿದ್ದ. ಒಂದೇ ಬೆಳಿಗ್ಗೆ 11 ಸಲ. ಬೇಲಿ ಗಿಡವನ್ನು ಇಬ್ಬರು ಎರಡು ತುದಿಯಿಂದ ಸವರುತ್ತಾ ಬಂದರು. ನಡುವೆ ಸೇರುವಾಗ ಒಬ್ಬನ ಕಡೆ ಎರಡು ಬೆರಳು ಎತ್ತರ! ಅಷ್ಟುದ್ದವನ್ನೂ ಮತ್ತೆ ಇಳಿಸಿದರು. ಆಗ ಉದುರಿದ ಸೊಪ್ಪು ಆಗಷ್ಟೇ ಗುಡಿಸಿದ್ದ ಹುಲ್ಲಿನ ಮೇಲೆ ಬಿತ್ತು, ಪೊರಕೆ ಹಿಡಿದವನು ಮಾತಾಡದೆ ಮತ್ತೆ ಗುಡಿಸಿದ. ಅವನ ಮುಖ ನೋಡಿ ಸಂಕಟವಾಯಿತು. ಇಷ್ಟು ದಿನ ನಾನೇ ಇವರ ಬೆವರನ್ನು ವ್ಯರ್ಥ ಮಾಡಿಸಿದ್ದೇನೆ.

ಯಾರನ್ನೂ ಬಿಡಿಸುವುದಿಲ್ಲ. ಎರಡನೇ ಗಾಡಿಗೆ ಈಗ ಶಕ್ತಿಯಿಲ್ಲ. ಹತ್ತಿರ ಹತ್ತಿರದ ಮನೆಗಳನ್ನು ಒಂದೇ ದಿನಕ್ಕೆ ಜೋಡಿಸಿ, ಇಬ್ಬರನ್ನು ಒಂದು ಮನೆಯಲ್ಲಿ ಇಳಿಸಿ ನಾವಿಬ್ಬರು ಮುಂದಿನದಕ್ಕೆ ಹೋಗುತ್ತೇವೆ. ಆ ಜೋಡಿಯನ್ನು ಮೊದಲಿನಿಂದ ಜೊತೆಗಿರುವ ಹುಡುಗ ನೋಡಿಕೊಳ್ಳುತ್ತಾನೆ. ನೆಡುವ ಕೆಲಸವನ್ನೆಲ್ಲಾ ವಾರದಲ್ಲಿ ಒಂದು ದಿನಕ್ಕೆ ಇಟ್ಟುಕೊಂಡು ಅವತ್ತು ನಾಲ್ವರೂ ಸೇರುತ್ತೇವೆ. ಬೇಲಿ ಗಿಡಕ್ಕೆ ಎರಡು ಗೂಟ ನೆಟ್ಟು ದಾರ ಕಟ್ಟದೆ ಕತ್ತರಿ ಇಡುವಂತಿಲ್ಲ ಎಂದು ಇವತ್ತೇ ಹೇಳಿದೆ. ಇನ್ನೊಂದು ತಳ್ಳುಗಾಡಿ ಸಂಜೆ ತಂದೆ.

ಹಳೇಗುದ್ದಲಿ

ಆ ಹುಡುಗನಿಗೆ ಮೇಲುಸ್ತುವಾರಿ ಕೊಟ್ಟಿದ್ದೀರಲ್ಲ, ಕೂಲಿಯನ್ನೂ ಸ್ವಲ್ಪ ಏರಿಸಿ ಸರ್. ಎರಡು ವಾರದ ಲೆಕ್ಕ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.