ಭಾವ ಮಾಜಿ ಸೈನಿಕ, ತೋಟದಲ್ಲಿ ವಾಚ್‌ಮನ್. ಆನೆ ತುಳಿದು ತೀರಿಕೊಂಡರು. ಕಾರ್ಮಿಕ ಪರಿಹಾರ ಬರುತ್ತಾ?

ಪ್ರಶ್ನೆ (ಪಾಲಿಬೆಟ್ಟ ಕಡೆಯಿಂದ): ನಮಸ್ಕಾರ ವಕೀಲರೇ. ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ಭಾವ ಸೈನ್ಯದಿಂದ ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದು, ಹತ್ತಿರದ ಒಂದು ಕಾಫಿ ತೋಟದಲ್ಲಿ ರಾತ್ರಿ ವಾಚ್‌ಮನ್ ಆಗಿದ್ದರು. ಸಂಬಳ 18,000. 2025ರ ಜನವರಿಯಲ್ಲಿ ಕಾಫಿ ಕಣ ಕಾಯುತ್ತಿದ್ದಾಗ ಒಂಟಿ ಸಲಗ ತುಳಿದು ಹೋದರು. 45 ವರ್ಷ. ಬೆಳಿಗ್ಗೆ ಆಳುಗಳು ಹೋದಾಗ ಅವರ ಟಾರ್ಚ್ ಕಣದ ಮೂಲೆಯಲ್ಲಿ ಇನ್ನೂ ಉರಿಯುತ್ತಿತ್ತಂತೆ.

ತಿಥಿ ಮುಗಿದ ಮೇಲೆ ತೋಟದವರು ಒಂದು ಲಕ್ಷ ಕೊಟ್ಟು, ‘ಇನ್ನೇನೂ ಬಾಕಿ ಇಲ್ಲ’ ಅಂತ ಸ್ಟಾಂಪ್ ಪೇಪರಿನಲ್ಲಿ ಅಕ್ಕನ ಸಹಿ ಹಾಕಿಸಿಕೊಂಡರು. ಈಗ ಕೇಳಿದರೆ, ‘ಅರಣ್ಯ ಇಲಾಖೆ ಕೊಟ್ಟಿದೆಯಲ್ಲ, ಮಿಲಿಟರಿ ಪೆನ್ಷನ್ ಬೇರೆ ಬರುತ್ತೆ’ ಎನ್ನುತ್ತಾರೆ. ಮಿಲಿಟರಿಯವರ ಮನೆಗೆ ಕಾರ್ಮಿಕ ಪರಿಹಾರ ಇಲ್ಲವೇ ಇಲ್ಲ ಅಂತ ಊರಿನ ನಿವೃತ್ತ ಸುಬೇದಾರರೊಬ್ಬರೂ ಹೇಳಿದರು. ನಿಜವಾ? ಮಕ್ಕಳಿಬ್ಬರೂ ಸಣ್ಣವರು. ಭಾವನ ತಾಯಿಯೂ ವಿಧವೆ, ಅಕ್ಕನ ಜೊತೆಗೇ ಇದ್ದಾರೆ.

ಉತ್ತರ (ವಕೀಲರು, ಮಡಿಕೇರಿ): ಸುಬೇದಾರರು ಹೇಳಿದ್ದು ಅರ್ಧ ನಿಜ. 1923ರ ನೌಕರರ ಪರಿಹಾರ ಕಾಯ್ದೆ ಸಶಸ್ತ್ರ ಪಡೆಯ ಸದಸ್ಯರಾಗಿ ಕೆಲಸ ಮಾಡುತ್ತಿರುವವರನ್ನು ಹೊರಗಿಟ್ಟಿದೆ. ಮಾಡಿ ಬಿಟ್ಟವರನ್ನಲ್ಲ. ಭಾವ ಅವತ್ತು ಇದ್ದದ್ದು ರೆಜಿಮೆಂಟಿನ ಲೆಕ್ಕದಲ್ಲಲ್ಲ, ತೋಟದ ಹಾಜರಿ, ಸಂಬಳ ಬರೆಯುವ ಚೆಕ್‌ರೋಲಿನಲ್ಲಿ. ವಾಚ್‌ಮನ್ ಕೆಲಸ ಕಾಯ್ದೆಯ ಪಟ್ಟಿಯಲ್ಲೇ ಇದೆ. (ಈ ಕಾಯ್ದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಾವು ಅದಕ್ಕೆ ಮೊದಲೇ ಆಗಿರುವುದರಿಂದ ನಿಮ್ಮದು ಹಳೆ ಕಾಯ್ದೆಯ ಲೆಕ್ಕ.)

ಲೆಕ್ಕ ಹೀಗೆ. ಸಂಬಳ ಎಷ್ಟೇ ಇರಲಿ, ಕಾಯ್ದೆ ಹಿಡಿಯುವುದು 15,000ದವರೆಗೆ ಮಾತ್ರ. ಅದರ ಅರ್ಧ 7,500. ಅದನ್ನು ವಯಸ್ಸಿಗೆ ಇರುವ ಅಂಕಿಯಿಂದ ಗುಣಿಸಬೇಕು. 45 ವರ್ಷಕ್ಕೆ 169.44. ಒಟ್ಟು 12,70,800 ರೂಪಾಯಿ. ಅಂತ್ಯಸಂಸ್ಕಾರಕ್ಕೆ ಕನಿಷ್ಠ 5,000 ಬೇರೆ. ಆ ದುಡ್ಡಿಗೆ ಇವತ್ತು ಸೌದೆಯೂ ಬರಲ್ಲ, ಆದರೂ ಅರ್ಜಿಯಲ್ಲಿ ಬಿಡಬೇಡಿ. ಒಂದು ತಿಂಗಳೊಳಗೆ ಕಟ್ಟದಿದ್ದರೆ ವರ್ಷಕ್ಕೆ 12% ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ 50%ವರೆಗೆ ದಂಡವನ್ನೂ ಹಾಕಬಹುದು.

ಇನ್ನು ಆ ಸ್ಟಾಂಪ್ ಪೇಪರ್. ಅಕ್ಕನಿಗೆ ಹೇಳಿ, ಅದನ್ನು ನೆನೆಸಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ. ಸಾವಿನ ಪರಿಹಾರವನ್ನು ಮಾಲೀಕರು ಮನೆಯವರ ಕೈಗೆ ಕೊಟ್ಟರೆ ಕೊಟ್ಟಂತಲ್ಲ, ಪರಿಹಾರದ ಅರ್ಜಿ ವಿಚಾರಿಸುವ ಕಮಿಷನರ್ ಬಳಿ ಠೇವಣಿ ಇಡಬೇಕು. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದಕ್ಕೆ ಬೆಲೆ ಇಲ್ಲ. ಕೊಟ್ಟ ಒಂದು ಲಕ್ಷದಲ್ಲಿ ಮೂರು ತಿಂಗಳ ಸಂಬಳದಷ್ಟನ್ನು ಮುಂಗಡ ಅಂತ ಕಳೆಯಬಹುದು, ಅಷ್ಟೇ.

ಅರಣ್ಯ ಇಲಾಖೆಯದು ಸರ್ಕಾರದ ಪರಿಹಾರ. ಅದರಿಂದ ತೋಟದ ಹೊಣೆ ತೀರಲ್ಲ. ‘ಆನೆ ಕೊಂದರೆ ನಾವೇನು ಮಾಡುವುದು’ ಅನ್ನುವ ವಾದ ಬಂದೇ ಬರುತ್ತದೆ. ಕಾಯ್ದೆ ಕೇಳುವುದು ಮಾಲೀಕರ ತಪ್ಪನ್ನಲ್ಲ. ಕೆಲಸದ ಹೊತ್ತಿನಲ್ಲಿ, ಕೆಲಸದಿಂದಾಗಿ ಸಾವು ಬಂತಾ ಅಂತ ಮಾತ್ರ. ಆನೆ ಓಡಾಡುವ ಜಾಗದಲ್ಲಿ ರಾತ್ರಿ ಒಬ್ಬನೇ ಕಣ ಕಾಯಬೇಕು ಅಂದರೆ ಆ ಅಪಾಯ ಕೆಲಸದ ಜೊತೆಗೇ ಬಂದದ್ದು ಅಲ್ವಾ? ಅದಕ್ಕೇ ಆ ಟಾರ್ಚ್ ಮುಖ್ಯ. ದಾರಿಯಲ್ಲಿ ಹೋಗುವಾಗ ಸಿಕ್ಕಿಹಾಕಿಕೊಂಡರು ಅಂತ ಅವರು ಹೇಳಿದರೆ, ಕಣದಲ್ಲೇ ಇದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಮಹಜರಿನಲ್ಲಿ ಬರೆದಿದ್ದಾರಾ ನೋಡಿ.

ಪೆನ್ಷನ್ ಬೇರೆ, ಇದು ಬೇರೆ. ಒಂದರಲ್ಲಿ ಇನ್ನೊಂದನ್ನು ಕಳೆಯುವ ಹಾಗಿಲ್ಲ. ಅಕ್ಕನಿಗೆ ಸಾಮಾನ್ಯ ಕುಟುಂಬ ಪಿಂಚಣಿ ಬರಬೇಕು. ಮೊದಲ 7 ವರ್ಷ ಕೊನೆಯ ಸಂಬಳದ 50% (ಭಾವನ ಪಿಂಚಣಿಗಿಂತ ಜಾಸ್ತಿ ಆಗದಂತೆ), ಆಮೇಲೆ 30%. ಪಿಪಿಒ (ಪಿಂಚಣಿ ಪಾವತಿ ಆದೇಶ) ಹಿಡಿದು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಹೋದರೆ ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಅರ್ಜಿ ಹಾಕಲು ದಾರಿ ತೋರಿಸುತ್ತಾರೆ.

ಅರ್ಜಿಯಲ್ಲಿ ಅಕ್ಕ, ಮಕ್ಕಳ ಜೊತೆ ಭಾವನ ತಾಯಿಯ ಹೆಸರೂ ಇರಲಿ. ಅವರಿಗೂ ಪಾಲಿದೆ, ಬಿಟ್ಟರೆ ಮನೆಯೊಳಗೇ ಜಗಳ. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಕಮಿಷನರ್. ಎರಡು ವರ್ಷದ ಗಡುವು, ಅಂದರೆ 2027ರ ಜನವರಿ.

ಇನ್ನೊಬ್ಬರು: ಸರ್, ನನ್ನ ತಮ್ಮ ಸರ್ವಿಸ್‌ನಲ್ಲೇ ಇದ್ದ. ರಜೆ ಮುಗಿಸಿ ಯೂನಿಟ್‌ಗೆ ವಾಪಸ್ ಹೋಗುವಾಗ ಬಸ್ ಅಪಘಾತದಲ್ಲಿ ಹೋದ. ಅವನಿಗೆ?

ವಕೀಲರು: ಅವರಿಗೆ ಕಾರ್ಮಿಕ ಕಾಯ್ದೆ ಇಲ್ಲ, ಸುಬೇದಾರರ ಮಾತು ಇಲ್ಲಿ ಪೂರ್ತಿ ಸರಿ. ಸೈನ್ಯದ ನಿಯಮವೇ ಬೇರೆ. ಸಾವಿಗೂ ಸೇವೆಗೂ ಸಂಬಂಧ ಇದೆ ಅಂತಾದರೆ ವಿಶೇಷ ಕುಟುಂಬ ಪಿಂಚಣಿ, ಕೊನೆಯ ಸಂಬಳದ 60%. ಯುದ್ಧ, ಉಗ್ರರ ಜೊತೆ ಕಾದಾಟ ಅಂಥದ್ದಾದರೆ ಉದಾರೀಕೃತ ಪಿಂಚಣಿ, 100%. ಸರ್ಕಾರದ ಖರ್ಚಿನಲ್ಲಿ ಪ್ರಯಾಣಕ್ಕೆ ಹಕ್ಕಿದ್ದು ರಜೆಯಿಂದ ವಾಪಸ್ ಹೋಗುವುದನ್ನು ಡ್ಯೂಟಿ ಎಂದೇ ಹಿಡಿಯುತ್ತಾರೆ. ಹಾಗಾಗಿ ಪ್ರಯಾಣದ ವಾರಂಟ್, ಟಿಕೆಟ್, ಲೀವ್ ಸರ್ಟಿಫಿಕೇಟ್ ಯಾವುದನ್ನೂ ಬಿಸಾಡಬೇಡಿ. ಪಾರ್ಟ್ ಟೂ ಆರ್ಡರಿನಲ್ಲಿ (ಮದುವೆ, ಮಕ್ಕಳಂಥ ವಿವರ ದಾಖಲಿಸುವ ಸೈನ್ಯದ ಆದೇಶ) ಹೆಂಡತಿಯ ಹೆಸರು ಬಂದಿದೆಯಾ ನೋಡಿ. ಮದುವೆಯಾಗಿ ಮೂರು ವರ್ಷ ಆದರೂ ಹಾಕಿಸದವರು ಇದ್ದಾರೆ! ರೆಕಾರ್ಡ್ಸ್‌ನವರು (ಸೈನ್ಯದ ದಾಖಲೆ ಕಚೇರಿ) ಪಿಂಚಣಿ ಇಲ್ಲ ಅಂದರೆ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬಸ್ಸಿನವರ ಮೇಲೆ ಮೋಟಾರು ಅಪಘಾತದ ಕೇಸು ಬೇರೆ ಹಾಕಬಹುದು.

ಒಬ್ಬ ಬೆಳೆಗಾರರು: ವಕೀಲರೇ, ಹತ್ತು ಎಕರೆಯವನು ಹನ್ನೆರಡು ಲಕ್ಷ ಎಲ್ಲಿಂದ ತರುವುದು? ಆನೆ ನಮ್ಮದಾ?

ವಕೀಲರು: ನಿಮ್ಮ ಕಷ್ಟ ಗೊತ್ತು, ನಮ್ಮ ಮನೆಯಲ್ಲೂ ತೋಟ ಇದೆ. ನೌಕರರ ಪರಿಹಾರದ ವಿಮೆ ಅಂತಲೇ ಸಿಗುತ್ತದೆ, ಮಾಡಿಸಿ. ಎಷ್ಟು ಜನ, ಎಷ್ಟು ಸಂಬಳ ಅಂತ ಸರಿಯಾಗಿ ಬರೆಸಿ. ಪರಿಹಾರ ವಿಮೆಯವರ ಹೊಣೆ, ಪಾಲಿಸಿಯಲ್ಲಿ ಹೊರಗಿಟ್ಟಿಲ್ಲದಿದ್ದರೆ ಬಡ್ಡಿಯೂ. ದಂಡ ನಿಮ್ಮ ಜೇಬಿನಿಂದಲೇ.

ಪ್ರಶ್ನೆ ಕೇಳಿದವರು: ಸರ್, ಚೆಕ್‌ರೋಲ್ ತೋಟದ ರೈಟರ್ (ಗುಮಾಸ್ತ) ಹತ್ತಿರ ಇದೆ, ತೋರಿಸಲ್ಲ ಅಂತಾರೆ. ಪಾಸ್‌ಬುಕ್‌ನಲ್ಲಿ ಹನ್ನೊಂದು ತಿಂಗಳ ಸಂಬಳ ಬಿದ್ದಿದೆ. ಮಹಜರಿನಲ್ಲಿ ‘ಒಂದು ಟಾರ್ಚ್’ ಅಂತ ಇದೆ.

ವಕೀಲರು: ಶುರು ಮಾಡಲು ಅಷ್ಟು ಸಾಕು. ಚೆಕ್‌ರೋಲನ್ನು ಕೋರ್ಟೇ ತರಿಸುತ್ತದೆ. ಯುಡಿಆರ್ (ಅಸಹಜ ಸಾವಿನ ಪೊಲೀಸ್ ವರದಿ) ಮತ್ತು ಪೋಸ್ಟ್‌ಮಾರ್ಟಂ ಪ್ರತಿಗೆ ಇವತ್ತೇ ಠಾಣೆಯಲ್ಲಿ ಅರ್ಜಿ ಕೊಡಿ. ಆಮೇಲೆ ಅಕ್ಕನನ್ನು, ಭಾವನ ತಾಯಿಯನ್ನು ಕರೆದುಕೊಂಡು ಬನ್ನಿ. ಇಬ್ಬರದೂ ಸಹಿ ಬೇಕು.